ಮನೆಮಗನ ತಪ್ಪು

ನಟನೊಬ್ಬ ಮೇಕಪ್‌ನವನ ಕೆನ್ನೆಗೆ ಬಾರಿಸಿದ ವಿಡಿಯೋ ಬೆಳಗಿನಿಂದ ಎಲ್ಲರ ಮೊಬೈಲಿನಲ್ಲೂ ಓಡುತ್ತಿತ್ತು. ಊರೆಲ್ಲ ಅವನನ್ನು ಬೈಯುತ್ತಿತ್ತು. ಅವನ ಪರವಾಗಿ ಕ್ಷಮೆ ಕೇಳಿ ಬರೆದುಕೊಡುವುದು ಪ್ರಚಾರ ಸಂಸ್ಥೆಯಲ್ಲಿದ್ದ ಕುಮುದಾಳ ಪಾಲಿಗೆ ಬಂತು. ಈ ತಿಂಗಳು ಇವನು ಮೂರನೆಯ ನಟ.

"ನಾಲ್ಕು ಸಾಲಿಗೆ ಇಷ್ಟು ಹೊತ್ತೇನ್ರೀ? ತಲೇಲಿ ಮಣ್ಣು ತುಂಬಿದ್ಯಾ? 'ಪ್ರೀತಿಯ ಅಭಿಮಾನಿಗಳೇ' ಅಂತ ಶುರು ಮಾಡಿ ಅನ್ನೋದನ್ನೂ ನಾನೇ ಹೇಳ್ಬೇಕಾ?" ಮ್ಯಾನೇಜರ್ ಇಡೀ ಆಫೀಸಿನ ಎದುರು ಕಿರುಚಿದ.

ಅವಳು 'ನಿಮ್ಮ ಮನೆಮಗ' ಎಂದೂ ಸೇರಿಸಿ ಬರೆದುಕೊಟ್ಟಳು. ಮಧ್ಯಾಹ್ನ ಅದು ನಟನ ಪುಟದಲ್ಲಿ ಬಂತು. ಬೈದವರೇ "ಎಂಥಾ ದೊಡ್ಡ ಮನಸ್ಸು!" ಎಂದು ಕೈಮುಗಿದರು.

ಸಂಜೆ ಬ್ಯಾಗ್ ಹೆಗಲಿಗೇರಿಸಿಕೊಂಡು ಅವಳು ಮ್ಯಾನೇಜರ್ ಮುಂದೆ ನಿಂತಳು.

"ನಾಳೆಯಿಂದ ಬರಲ್ಲ ಸರ್."

"ಒಂದು ಮಾತು ಅಂದಿದ್ದಕ್ಕೆ ಯಾರಾದ್ರೂ ಕೆಲಸ ಬಿಡ್ತಾರೇನ್ರೀ?"

"ಹಾಗಾದ್ರೆ ನೀವೂ ಒಂದು ಮಾತು ಹೇಳಿ, ತಪ್ಪಾಯ್ತು ಅಂತ. ಇರ್ತೀನಿ."

ಅವನು ಕಿಟಕಿಯತ್ತ ನೋಡಿದ. "ಬಾಯಲ್ಲಿ ಹೇಳೋಕೆ ನಂಗೆ ಬರಲ್ಲ. ಮೆಸೇಜ್ ಹಾಕ್ತೀನಿ, ಹೋಗಿ."

ಬಸ್ಸಿನಲ್ಲಿ ಕಣ್ಣು ಮುಚ್ಚಿ ಒರಗಿದ್ದಾಗ ಮೊಬೈಲ್ ಸದ್ದು ಮಾಡಿತು. ಮ್ಯಾನೇಜರ್ ಮಾತು ಉಳಿಸಿಕೊಂಡಿದ್ದ:

"ಪ್ರೀತಿಯ ಅಭಿಮಾನಿಗಳೇ, ನಿಮ್ಮ ಮನೆಮಗನ ಒಂದು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ."