ಆರಿದ ಅಂಬಲಿಗೆ ಬಿದ್ದ ಇದ್ದಲು

ಮೊಮ್ಮಗ ಮನೆಯಲ್ಲೇ ಬಿಯರ್ ಮಾಡುತ್ತೇನೆಂದು ಬಾರ್ಲಿ ಕುದಿಸಿದ ನೀರಿಗೆ ಕಹಿ ಹೂ ಹಾಕಿ ಆರಿಸುತ್ತ, "ಅಜ್ಜಿ, ಇನ್ನ ಮುಟ್ಟಬ್ಯಾಡ, ಕೆಡತೈತಿ" ಎಂದು ನನಗೇ ಹೇಳುತ್ತಾನೆ; ಆ ವಾಸನೆಗೆ ನಮ್ಮ ಆಯಿಯ ಅಂಬಲಿ ಗಡಿಗೆ ನೆನಪಾಗುತ್ತದೆ.

ಆಯಿ ಎಂದರೆ ಅಪ್ಪನ ತಾಯಿ. ನಾನು ಸಣ್ಣವಳಿದ್ದಾಗ ಒಂದು ಸುಗ್ಗಿಯಲ್ಲಿ, ಮರುದಿನ ಜೋಳ ಕೊಯ್ಯುವವರು ಬರುವವರಿದ್ದರು, ಅವರ ಊಟಕ್ಕೆ ಅಂಬಲಿಯೇ ಆಗಬೇಕು. ಆಯಿ ನುಚ್ಚು ಕುದಿಸಿ, ಗಡಿಗೆಯನ್ನು ತಣ್ಣೀರಲ್ಲಿಟ್ಟು ಆರಿಸಿ, ಹುಳಿ ಬರಲೆಂದು ಮಜ್ಜಿಗೆ ಬೆರೆಸಿದಳು. ನಾನು ಬಗ್ಗಿ ನೋಡಿದ್ದಕ್ಕೇ ಬೈದಳು: "ಸರಿ ಆಕಡೆ! ನಿನ್ನ ಎಂಜಲ ಬಾಯಿ ಇಲ್ಲಿ ತರಬ್ಯಾಡ."

ಅಷ್ಟರಲ್ಲಿ ನೆರೆಮನೆಯವಳು ಇಣುಕಿ, "ಏನ್ ಛಂದ ಆಗೇತ್ರಿ ಅಂಬಲಿ!" ಎಂದಳು. ಅವಳು ಹೋದದ್ದೇ ತಡ, ದೃಷ್ಟಿ ತಾಗೀತೆಂದು ಆಯಿ ಕೋಳಿ ಕೆದರುತ್ತಿದ್ದ ಬೂದಿಯಿಂದ ಇದ್ದಲು ಹೆಕ್ಕಿ ಗಡಿಗೆಗೆ ಹಾಕಿದಳು. ಒರೆಸಲೂ ಇಲ್ಲ.

ಬೆಳಗ್ಗೆ ಅಂಬಲಿ ನಾರುತ್ತಿತ್ತು, ಎಳೆ ಎಳೆಯಾಗಿ ಅಂಟುತ್ತಿತ್ತು.

"ಈ ಹುಡುಗಿನೇ ಕೈ ಹಾಕ್ಯಾಳ!" ಎಂದು ಆಯಿ ನನ್ನ ಕಿವಿ ಹಿಂಡಿದಳು.

ಅವ್ವ ಗಡಿಗೆಯನ್ನು ಎಮ್ಮೆ ನೀರು ಕುಡಿಯುವ ಬಾನಿಗೆ ಬೋರಲು ಹಾಕಿದಳು. ಇದ್ದಲು ಉರುಳಿ ಬಂತು. ಅದನ್ನು ಎತ್ತಿ ಹಿಡಿದು, "ಅತ್ತಿ, ಇನ್ನೊಮ್ಮಿ ಕುದಿಯೂವಾಗ ಹಾಕ್ರಿ" ಎಂದಳು.

ಆಯಿ ನನ್ನ ಕಿವಿ ಬಿಟ್ಟಳು.

"ಮಾತು ಸಾಕು, ರೊಟ್ಟಿ ಬಡಿ. ಕೊಯ್ಯಾವ್ರು ಬಂದ್ರು" ಎಂದಳು.