ಹದಿನಾಲ್ಕು ಮಿಲಿಮೀಟರ್

ತಂಗಿ ಮುಕ್ಕಾಲಿಯ ಮೇಲೆ ಕಟ್ಟಡ ಅಳೆಯುವ ಸ್ಕ್ಯಾನರ್ ಕೂರಿಸುತ್ತಿದ್ದರೆ, ಗ್ರಂಥಪಾಲಕಿಯಾದ ಅಕ್ಕ ಅವಳತ್ತ ನೋಡದೆ ನಿಘಂಟುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಗ್ರಂಥಾಲಯ ಖಾಲಿ ಮಾಡಲು ಇನ್ನೆರಡು ದಿನ ಉಳಿದಿತ್ತು. ಆಮೇಲೆ ನೂರಮೂವತ್ತು ವರ್ಷದ ಈ ಕಟ್ಟಡವನ್ನು ಕೆಡವುತ್ತಾರೆ. ಅದಕ್ಕೆ ಮುಂಚೆ ಮೂಲೆಮೂಲೆಯನ್ನೂ ಮೂರು ಆಯಾಮದಲ್ಲಿ ಅಳೆದು ಕಂಪ್ಯೂಟರಿನಲ್ಲಾದರೂ ಉಳಿಸಿಕೊಳ್ಳಿ ಎಂದು ನಗರಸಭೆಯ ಎಂಜಿನಿಯರ್ ಸೂಚಿಸಿದ್ದರು.

"ಚೆನ್ನಾಗಿ ತೆಗಿ," ಎಂದಳು ಅಕ್ಕ. ಒಂದೇ ಅಡುಗೆಮನೆಯಲ್ಲಿ ಓಡಾಡುತ್ತಿದ್ದರೂ ಮೂರು ವಾರದಲ್ಲಿ ಅವಳು ಆಡಿದ ಮೊದಲ ಮಾತು ಅದು. "ಕೊಂದವರೇ ಫೋಟೋಗೆ ಕಟ್ಟು ಹಾಕಿಸಿಕೊಟ್ಟ ಹಾಗಿರತ್ತೆ."

ತಂಗಿ ಮುಕ್ಕಾಲಿಯ ತಿರುಪು ಬಿಗಿಮಾಡಿದಳು. ಕಟ್ಟಡ ಭದ್ರವಾಗಿದೆಯೆಂದು ತೋರಿಸಿ ಉಳಿಸಬೇಕೆಂದೇ ಅವಳು ಎಂಟು ತಿಂಗಳ ಅಂತರದಲ್ಲಿ ಎರಡು ಸಲ ಅದನ್ನು ಅಳೆದಿದ್ದಳು. ಸ್ಕ್ಯಾನರ್ ಸುತ್ತ ತಿರುಗುತ್ತ ಕಂಡದ್ದನ್ನೆಲ್ಲ ಕೋಟಿಗಟ್ಟಲೆ ಚುಕ್ಕಿಗಳಾಗಿ ದಾಖಲಿಸುತ್ತದೆ. ಎರಡು ಸಲದ ಚುಕ್ಕಿಗಳನ್ನು ಹೋಲಿಸಬೇಕಾದರೆ ಅಲುಗಾಡದ ಗುರುತು ಬೇಕು. ಅದಕ್ಕೆಂದು ರಸ್ತೆಯಾಚೆಯ ನಗರಸಭೆ ಕಚೇರಿಯ ಗೋಡೆಗೆ ಕಪ್ಪುಬಿಳುಪಿನ ನಾಲ್ಕು ಫಲಕ ಅಂಟಿಸಿದ್ದಳು. ನಾಲ್ಕು ಅಂತಸ್ತಿನ ಕಾಂಕ್ರೀಟ್ ಕಟ್ಟಡ, ಕಟ್ಟಿ ಆರು ವರ್ಷವೂ ಆಗಿರಲಿಲ್ಲ. ಆ ಫಲಕಗಳಿಗೆ ಹೋಲಿಸಿದಾಗ ಗ್ರಂಥಾಲಯದ ಮುಂಗೋಡೆ ರಸ್ತೆಯ ಕಡೆಗೆ ಹದಿನಾಲ್ಕು ಮಿಲಿಮೀಟರ್ ಸರಿದಿತ್ತು. ಕಂಡದ್ದನ್ನೇ ವರದಿಯಲ್ಲಿ ಬರೆದು ರುಜು ಹಾಕಿದಳು. ಮರುವಾರವೇ ಕೆಡವುವ ಆದೇಶ ಬಂತು.

"ನಿನ್ನ ಯಂತ್ರಕ್ಕೆ ಎಲ್ಲಾ ಕಾಣತ್ತಲ್ಲ," ಅಕ್ಕ ಪೆಟ್ಟಿಗೆಯ ಮೇಲೆ ಟೇಪು ಎಳೆದಳು. "ಹಿತ್ತಲ ಬಾವಿನೂ ಸರಿದಿದೆಯಾ ನೋಡು. ಸರಿದಿದ್ರೆ ಅದನ್ನೂ ಪ್ಯಾಕ್ ಮಾಡ್ತೀನಿ."

ಚುಚ್ಚುಮಾತೇ. ಆದರೂ ತಂಗಿ ಲ್ಯಾಪ್‌ಟಾಪ್ ತೆರೆದಳು. ಎಂಜಿನಿಯರ್ ಕೇಳಿದ್ದು ಮುಂಗೋಡೆಯ ಬಗ್ಗೆ ಮಾತ್ರ; ಹಿತ್ತಲಿನ ಚುಕ್ಕಿಗಳನ್ನು ಅವಳು ಹೋಲಿಸಿಯೇ ಇರಲಿಲ್ಲ. ಬಾವಿಕಟ್ಟೆಯ ಅಂಚನ್ನು ಆರಿಸಿದಳು. ಹದಿನಾಲ್ಕು. ಹಿಂಬಾಗಿಲ ಮೆಟ್ಟಿಲು, ಹದಿನಾಲ್ಕು. ಕಾಂಪೌಂಡಿನ ಮೂಲೆಗಲ್ಲು, ಅದೂ ಹದಿನಾಲ್ಕು. ಎಲ್ಲವೂ ಒಂದೇ ದಿಕ್ಕಿಗೆ.

"ಯಾಕೇ, ಮುಖ ಹಾಗಾಯ್ತು?"

"ಬಾವಿನೂ ಸರಿದಿದೆ ಅಕ್ಕಾ."

"ಬಾವಿ ಎಲ್ಲಿಗೆ ಹೋಗತ್ತೆ ಕಣೇ? ಅದಕ್ಕೇನು ಕಾಲಿದೆಯಾ?"

ರಸ್ತೆಯ ಕೊನೆಯ ಕಲ್ಲುಸೇತುವೆಯೂ ಎರಡೂ ಸಲದ ಅಳತೆಯಲ್ಲಿ ಸಿಕ್ಕಿತ್ತು. ಬಂಡೆಯ ಮೇಲೆ ನಿಂತ ಅದರ ಕಂಬಗಳನ್ನೇ ಗುರುತಾಗಿ ಹಿಡಿದು ತಂಗಿ ಮತ್ತೆ ಮೊದಲಿಂದ ಹೋಲಿಸಿದಳು. ಒಂದು ಗಂಟೆ ಹಿಡಿಯಿತು. ಬಾವಿ ಇದ್ದಲ್ಲೇ ಇತ್ತು. ಗ್ರಂಥಾಲಯವೂ ಇದ್ದಲ್ಲೇ ಇತ್ತು. ಹದಿನಾಲ್ಕು ಮಿಲಿಮೀಟರ್ ಮುಂದಕ್ಕೆ ಬಂದಿದ್ದು ಫಲಕ ಅಂಟಿಸಿದ ನಗರಸಭೆ ಕಚೇರಿಯ ಗೋಡೆ.

"ಎರಡು ಕಟ್ಟಡದ ನಡುವೆ ದೂರ ಕಡಿಮೆ ಆಗಿರೋದು ನಿಜ," ಎಂದಳು. "ಹಳೇದೇ ಸರಿದಿರತ್ತೆ ಅಂದ್ಕೊಂಡೆ. ಗುರುತನ್ನ ನಾಲ್ಕು ಕಡೆ ಹಂಚಿ ಹಾಕಬೇಕಿತ್ತು. ಒಂದೇ ಗೋಡೆ ನಂಬಿದೆ."

ಅಕ್ಕ ಪೆಟ್ಟಿಗೆಯ ಮೇಲೆ ಕೂತಳು. ತಂಗಿ ಬೈಗುಳಕ್ಕೆ ಕಾದಳು.

"ಇದನ್ನ ಹೇಳಿದ್ರೆ ನಿನ್ನ ಕೆಲಸ?"

"ಹೋಗಬಹುದು."

"ಹೇಳದೇ ಇದ್ರೆ ಯಾರಿಗಾದ್ರೂ ಗೊತ್ತಾಗತ್ತಾ?"

"ಕೆಡವಿದ ಮೇಲೆ ಯಾರಿಗೂ ಗೊತ್ತಾಗಲ್ಲ."

ಅಕ್ಕ ಟೇಪಿನ ಸುರುಳಿಯನ್ನು ಬೆರಳಲ್ಲಿ ತಿರುಗಿಸಿದಳು. "ಹೋಗಿ ಹೇಳು ಅಂತ ನಾನು ಅನ್ನಲ್ಲ," ಎಂದಳು. "ಹೇಳಬೇಡ ಅನ್ನೋಷ್ಟು ದೊಡ್ಡ ಮನಸ್ಸೂ ನನಗಿಲ್ಲ."

ಮಧ್ಯಾಹ್ನ ಮೂರಕ್ಕೆ ತಂಗಿ ಎದುರಿನ ಕಚೇರಿಯ ಮೂರನೇ ಮಹಡಿ ಹತ್ತಿ ಎಂಜಿನಿಯರ್ ಮುಂದೆ ಎರಡು ಹಾಳೆ ಇಟ್ಟಳು. ಮೊದಲ ಹಾಳೆಯ ಮೊದಲ ಸಾಲಿನಲ್ಲೇ ತನ್ನ ಹಿಂದಿನ ವರದಿ ತಪ್ಪು ಎಂದು ಬರೆದಿದ್ದಳು. ಅವರು ನಿಧಾನವಾಗಿ ಓದಿದರು.

"ಇದಕ್ಕೆ ವಿಚಾರಣೆ ಆಗತ್ತೆ. ಗೊತ್ತಿದೆಯಲ್ಲ?"

"ಗೊತ್ತು ಸರ್."

ಕೆಡವುವ ಆದೇಶ ರದ್ದು ಎಂದು ಅಂಚಿನಲ್ಲಿ ಬರೆದು ರುಜು ಹಾಕಿ, ಅವರು ಎರಡನೇ ಹಾಳೆ ಕೈಗೆತ್ತಿಕೊಂಡರು. ಅದು ನಗರಸಭೆ ಕಚೇರಿಯ ಬಗ್ಗೆ ಇತ್ತು. ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟು ಹಾಳೆಯನ್ನು ಮೇಜಿನ ಮೇಲೆ ಅವಳತ್ತಲೇ ತಳ್ಳಿದರು.

"ಹದಿನಾಲ್ಕು ಮಿಲಿಮೀಟರ್ ಅಂದ್ರೆ ಒಂದು ಬೆರಳಗಲವೂ ಇಲ್ಲ," ಎಂದರು. "ಅಷ್ಟಕ್ಕೆಲ್ಲ ಯಾರಾದ್ರೂ ಕಟ್ಟಡ ಖಾಲಿ ಮಾಡ್ತಾರಾ ಮೇಡಂ?"