ಬೆಳ್ಳುಳ್ಳಿ ಎಣ್ಣೆ

ಎಣ್ಣೆಯಲ್ಲಿ ಬೆಳ್ಳುಳ್ಳಿ ಸೀದ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ವಾಕರಿಕೆ ಬರುತ್ತದೆ.

ನಲವತ್ತೆಂಟರಲ್ಲಿ ಸೈನ್ಯ ನುಗ್ಗಿದ ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಭಾಲ್ಕಿಯ ನಮ್ಮ ಮನೆಯ ಗೋಡೆಯಾಚೆ ಬಾಂಬು ಸಿಡಿದಾಗ ನನ್ನ ಚಿಕ್ಕಪ್ಪನ ಹೆಂಡತಿ ಕಾಕಿ ಈಚೆ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಮೈಮೇಲೆ ಒಂದು ಗೀರೂ ಆಗಲಿಲ್ಲ. ಆದರೆ ಅಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಅವಳ ಅತ್ತೆ, ಅಂದರೆ ನನ್ನ ಅಜ್ಜಿ ಆಯಿ, ದಿನಾ ಮಧ್ಯಾಹ್ನ ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಅವಳ ಕಿವಿಗೆ ಸುರಿಯುತ್ತಿದ್ದಳು. ಹಿಂದಿನ ದಿನದ ಎಣ್ಣೆ ಹಳದಿ ಲೋಳೆಯಾಗಿ ಕುತ್ತಿಗೆಗೆ ಇಳಿಯುತ್ತಿತ್ತು. ಅದಕ್ಕೆ ನೊಣ ಮುತ್ತುತ್ತಿದ್ದವು.

ಒಂದು ಮಧ್ಯಾಹ್ನ ಕಾಕಿ ಆಯಿಯ ಕೈ ಹಿಡಿದಳು. "ಸಾಕ್ರಿ ಅತ್ತಿ. ಮೆಲ್ಲಗ ಅಂದ್ರ ಏನೂ ಕೇಳಸಲ್ಲರಿ. ಒದರಿದ್ರ ತಲಿಯಾಗ ದಬ್ಬಣ ಚುಚ್ಚಿದಂಗ ಆಗ್ತದರಿ."

"ಒಂದೇ ಕಿವಿ ಎರಡ ನಮೂನಿ ಹ್ಯಾಂಗ ಆಗ್ತದ? ಎಲ್ಲಾ ಕೆಲಸ ತಪ್ಪಸೋ ನಾಟಕ," ಎಂದು ಆಯಿ ನನ್ನತ್ತ ಕಣ್ಣು ಮಿಟುಕಿಸಿದಳು. ಜಿಡ್ಡುಗೈಯಲ್ಲೇ ಊಟದ ಹಿತ್ತಾಳೆ ಗಂಗಾಳ ಎತ್ತಿಕೊಂಡು, ಕಾಕಿಯ ಬೆನ್ನ ಹಿಂದೆ ನಿಂತು, ಸವಟಿನಿಂದ ಬಲವಾಗಿ ಬಾರಿಸಿದಳು.

ಕಾಕಿ ಚೀರಿ ಕುಸಿದಳು. ನೆಲವೇ ತಿರುಗುತ್ತಿದೆಯೇನೋ ಎಂಬಂತೆ ಅದನ್ನು ಎರಡೂ ಕೈಯಿಂದ ಅವಚಿಕೊಂಡು ಅಲ್ಲೇ ಕಾರಿಕೊಂಡಳು.

"ನೋಡು! ಖರೇ ಕಿವುಡಿ ಇದ್ರ ಬೆಚ್ಚತಿದ್ಳೇನು?" ಆಯಿ ಎಲೆಯಡಿಕೆಯ ಕೆಂಪು ಹಲ್ಲು ತೋರಿಸಿ ನಕ್ಕಳು. ಗಂಗಾಳವನ್ನು ಸೆರಗಿನಿಂದ ಒರೆಸಿ, ಅದರಲ್ಲೇ ರೊಟ್ಟಿ ಹಾಕಿ ನನ್ನ ಮುಂದೆ ತಳ್ಳಿದಳು. ಅಂಚಿನಲ್ಲಿ ಅವಳ ಬೆರಳಿನ ಎಣ್ಣೆ ಇನ್ನೂ ಹೊಳೆಯುತ್ತಿತ್ತು.

"ನಿನ್ನ ಕಾಕಿಗಿ ಉಣ್ಲಾಕ ಕರಿ. ಈಗ ಕೇಳಸ್ತದ."

ನಾನು ಮೆಲ್ಲಗೆ ಕರೆದೆ. ಕಾಕಿ ನಮಗೆ ಬೆನ್ನು ಮಾಡಿ ಕುಳಿತು ವಾಂತಿ ಬಳಿದು ತೆಗೆಯುತ್ತಿದ್ದಳು. ತಿರುಗಲಿಲ್ಲ.